ಕೂಡು ಹೆಪ್ಪು

ಹಿರೇಗುಡ್ಡದ ನೇಕಾರ ಓಣಿಯ ಮೊಸರು ಅಷ್ಟು ಗಟ್ಟಿಯಾಗಿ ಹಿಂದೆಂದೂ ಬಂದಿರಲಿಲ್ಲ. ವರ್ಷಕ್ಕೊಮ್ಮೆಯ ಮಾದರಿ ಅಂತ ನಲವತ್ತು ಮನೆಗಳಿಂದ ನಲವತ್ತು ಪುಟ್ಟ ಡಬ್ಬಿಗಳು ಧಾರವಾಡದ ಪ್ರಯೋಗಾಲಯಕ್ಕೆ ಬಂದಿದ್ದವು. ಡಬ್ಬಿಯನ್ನು ತಲೆಕೆಳಗೆ ಹಿಡಿದರೂ ಮೊಸರು ಜಾರುತ್ತಿರಲಿಲ್ಲ. ಇದನ್ನು ಪರೀಕ್ಷೆಗೆ ಹಾಕುವುದಕ್ಕಿಂತ ಅನ್ನಕ್ಕೆ ಕಲಸಿಕೊಂಡು ಉಣ್ಣುವುದು ಮೇಲು ಎಂದು ಮುಮ್ತಾಜ್ ಬೆಳಿಗ್ಗೆ ನಕ್ಕಿದ್ದಳು. ಹನ್ನೊಂದು ವರ್ಷದಿಂದ ಅಲ್ಲಿ ಕೆಲಸ ಮಾಡುತ್ತಿದ್ದ ಹುಬ್ಬಳ್ಳಿಯ ಹೆಣ್ಣುಮಗಳು ಅವಳು, ಸುಮ್ಮಸುಮ್ಮನೆ ಗಾಬರಿಯಾಗುವವಳಲ್ಲ. ಸಂಜೆ ನಾಲ್ಕಕ್ಕೆ ಫಲಿತಾಂಶದ ಕಾಗದ ಹಿಡಿದು ಬಂದಾಗ ಮಾತ್ರ ಅವಳ ಮುಖ ಸಣ್ಣದಾಗಿತ್ತು.

"ಮಷೀನ್ ಕೆಟ್ಟಿರಬೇಕ್ರಿ ಮೇಡಂ. ನಲವತ್ತಕ್ಕ ನಲವತ್ತೂ ಸೊನ್ನೆ ತೋರಸ್ತದ."

ಡಾಕ್ಟರ್ ಇಂದುಮತಿ ಯಂತ್ರವನ್ನು ಬೈಯಲಿಲ್ಲ. ಶೀತಪೆಟ್ಟಿಗೆಯಲ್ಲಿ ಆರು ವರ್ಷದಿಂದ ಕಾದಿಟ್ಟಿದ್ದ ಮೂಲ ಹೆಪ್ಪಿನ ಒಂದು ಕೊಳವೆ ತೆಗೆದು ತಾನೇ ಪರೀಕ್ಷೆ ಮಾಡಿದಳು. ತೊಂಬತ್ತೆರಡು ಬಂತು. ಯಂತ್ರ ಸರಿಯಾಗಿಯೇ ಇತ್ತು. ಅವಳು ಮೇಜಿನ ಖಾನೆ ಎಳೆದು ಹೋದ ವಾರ ಬಂದಿದ್ದ ಒಂದು ರಕ್ತದ ವರದಿಯನ್ನು ಮತ್ತೆ ನೋಡಿದಳು. ಅಕ್ಕನ ಮಗಳು ಭಾಗೀರಥಿಯದು. ಹದಿನಾಲ್ಕು ಇರಬೇಕಾದಲ್ಲಿ ನಲವತ್ತೇಳು ಇತ್ತು. ನರ್ಸ್ ಯಾರದೋ ರಕ್ತಕ್ಕೆ ಯಾರದೋ ಹೆಸರು ಬರೆದಿರಬೇಕು ಅಂದುಕೊಂಡು ಅದನ್ನು ಖಾನೆಗೆ ಹಾಕಿದ್ದಳು. ಈಗ ಅದನ್ನು ಮುಮ್ತಾಜ್ ತಂದ ಕಾಗದದ ಪಕ್ಕದಲ್ಲಿ ಇಟ್ಟಳು.

ಇಷ್ಟು ಹೇಳಿದರೆ ಏನೂ ತಿಳಿಯುವುದಿಲ್ಲ, ಸ್ವಲ್ಪ ಹಿಂದಿನದನ್ನೂ ಹೇಳಬೇಕು. ಇದು ಎರಡು ಸಾವಿರದ ಐವತ್ತಮೂರರ ಮಾತು. ಹಿರೇಗುಡ್ಡದ ನೇಕಾರ ಓಣಿಯಲ್ಲಿ ಇನ್ನೂರು ಮನೆ, ಇನ್ನೂರ ಹತ್ತು ಕುಣಿಮಗ್ಗ. ಅಲ್ಲಿಯವರು ತಲೆತಲಾಂತರದಿಂದ ಹೆಣ್ಣನ್ನು ಓಣಿ ದಾಟಿಸಿ ಕೊಟ್ಟವರಲ್ಲ. ಮಗ್ಗದ ಕೆಲಸ ಬಲ್ಲ ಹುಡುಗಿಯನ್ನು ಹೊರಗಿನವರ ಪಾಲು ಮಾಡಲು ಯಾರಿಗೆ ಮನಸ್ಸು ಬಂದೀತು? ಅತ್ತೆಯ ಮಗ, ಸೋದರಮಾವ, ಅವರೂ ಇಲ್ಲದಿದ್ದರೆ ಎದುರು ಮನೆಯ ದೂರದ ನೆಂಟ, ಹೀಗೇ ನಡೆದಿತ್ತು. ಇಂದುಮತಿಯ ಅಕ್ಕ ಗೌರವ್ವನನ್ನು ಹತ್ತೊಂಬತ್ತಕ್ಕೇ ಸೋದರಮಾವನಿಗೆ ಕೊಟ್ಟರು. ಇಂದುಮತಿ ಜೀವಶಾಸ್ತ್ರ ಓದಿ ಬುದ್ಧಿವಂತಳಾಗಿ ತಪ್ಪಿಸಿಕೊಂಡಳು ಅಂತ ಧಾರವಾಡದಲ್ಲಿ ಜನ ಹೊಗಳುತ್ತಿದ್ದರು. ನಿಜ ಏನೆಂದರೆ ಮನೆಯಲ್ಲಿ ಸೋದರಮಾವ ಇದ್ದದ್ದು ಒಬ್ಬನೇ.

ಆ ಓಣಿಯ ರಕ್ತದಲ್ಲಿ ಒಂದು ಕೆಟ್ಟ ಜೀನ್ ಇತ್ತು. ಒಂದೇ ಪ್ರತಿ ಇದ್ದವರಿಗೆ ಏನೂ ಆಗದು. ತಂದೆಯಿಂದ ಒಂದು, ತಾಯಿಯಿಂದ ಒಂದು ಬಂದರೆ ಮುಗಿಯಿತು. ಬೇಳೆ, ಹಾಲು, ಶೇಂಗಾ ಎಲ್ಲದರಲ್ಲೂ ಇರುವ, ಬಿಟ್ಟು ಬದುಕಲೂ ಆಗದ ಒಂದು ಪದಾರ್ಥವನ್ನು ಅಂಥ ಮಗುವಿನ ಮೈ ಅರಗಿಸಲಾರದು. ಅರಗದೆ ಉಳಿದದ್ದು ರಕ್ತದಲ್ಲಿ ಸೇರಿ ನರವನ್ನು ತಿನ್ನುತ್ತದೆ. ಒಂಬತ್ತು ಹತ್ತನೇ ವಯಸ್ಸಿಗೆ ಕಾಲು ಎಳೆಯುತ್ತದೆ, ಹದಿನೈದಕ್ಕೆ ಹಾಸಿಗೆ, ಹದಿನೆಂಟು ಕಂಡವರು ಕಡಿಮೆ. ಓಣಿಯವರು ಅದನ್ನು ಕಾಲೆಳೆ ಬ್ಯಾನಿ ಅನ್ನುತ್ತಿದ್ದರು. ಎರಡು ಮನೆಗೊಂದರಂತೆ ಯಾರಾದರೂ ಒಂದು ಮಗುವನ್ನು ಮಣ್ಣು ಮಾಡಿದವರೇ.

ಇಂದುಮತಿ ಇದಕ್ಕೆ ಔಷಧಿಯನ್ನು ಗುಳಿಗೆಯಲ್ಲಿ ಹುಡುಕಲಿಲ್ಲ, ಮೊಸರಿನಲ್ಲಿ ಹುಡುಕಿದಳು. ಮೊಸರು ಎಂದರೆ ಎರಡು ಜಾತಿಯ ಜೀವಾಣುಗಳ ಒಕ್ಕಲುತನ. ಒಂದಕ್ಕೆ ಬೇಕಾದದ್ದನ್ನು ಇನ್ನೊಂದು ಮಾಡಿಕೊಡುತ್ತದೆ. ಅದರಲ್ಲಿ ಒಂದಕ್ಕೆ ಆಕೆ ಆ ಪದಾರ್ಥವನ್ನು ಕತ್ತರಿಸುವ ಕಿಣ್ವದ ಜೀನ್ ಸೇರಿಸಿದಳು. ದಿನಕ್ಕೆ ಎರಡು ಬಟ್ಟಲು ಮೊಸರುಂಡರೆ ಸಾಕು, ಮೊಸರು ತನ್ನದನ್ನೂ ಅರಗಿಸಿಕೊಂಡು ಉಳಿದ ಊಟದ್ದನ್ನೂ ಅರಗಿಸುತ್ತಿತ್ತು. ತೊಡಕು ಒಂದೇ. ಕಿಣ್ವ ಮಾಡುವುದು ಆ ಜೀವಾಣುವಿಗೆ ಬಿಟ್ಟಿ ದುಡಿಮೆ, ಅದರಿಂದ ಅದಕ್ಕೇನೂ ಲಾಭವಿಲ್ಲ. ಅಂಥ ಕಡೆ ಇವತ್ತಲ್ಲ ನಾಳೆ ಒಂದು ಮೈಗಳ್ಳ ಹುಟ್ಟುತ್ತದೆ. ದುಡಿಯದೆ ಉಂಡು ಬೇಗ ಬೇಗ ಸಂಸಾರ ಬೆಳೆಸುತ್ತದೆ. ನೂರು ದಿನ ಹೆಪ್ಪಿನಿಂದ ಹೆಪ್ಪು ಹಾಕಿದರೆ ಗಡಿಗೆ ತುಂಬ ಮೈಗಳ್ಳರೇ.

ಇದಕ್ಕೆ ಇಂದುಮತಿ ಹೂಡಿದ ಉಪಾಯವನ್ನು ದೇಶ ವಿದೇಶದವರು ಮೆಚ್ಚಿಕೊಂಡರು. ಮೊಸರು ಗಟ್ಟಿಯಾಗುವ ಗುಣವನ್ನೂ ಕಿಣ್ವದ ಜೀನನ್ನೂ ಅವಳು ಒಂದಕ್ಕೊಂದು ಕಟ್ಟಿಹಾಕಿದಳು. ಗಡಿಗೆಯಲ್ಲಿ ಮೈಗಳ್ಳರು ಹೆಚ್ಚಾದರೆ ಮೊಸರು ನೀರು ನೀರಾಗುತ್ತದೆ. ನೀರು ಮೊಸರನ್ನು ಯಾವ ಹೆಂಗಸು ಇಟ್ಟುಕೊಳ್ಳುತ್ತಾಳೆ? ಚೆಲ್ಲಿ, ಗಡಿಗೆ ತೊಳೆದು, ಯಾರ ಮನೆಯ ಮೊಸರು ಚಲೋ ಇದೆಯೋ ಅವರ ಮನೆಯಿಂದ ಹೆಪ್ಪು ತರುತ್ತಾಳೆ. ಹೀಗೆ ಮೈಗಳ್ಳರ ಗಡಿಗೆ ಬಚ್ಚಲಿಗೆ, ದುಡಿಯುವವರ ಸಂತಾನ ಮನೆಮನೆಗೆ. ಇನ್ನೂರು ಮನೆಯ ಹೆಂಗಸರು ತಮಗೆ ಗೊತ್ತಿಲ್ಲದೆಯೇ ಆ ಜೀವಾಣುಗಳ ವಿಕಾಸವನ್ನು ಕಾಯುತ್ತಿದ್ದರು. ಐದು ವರ್ಷ ಹಾಗೇ ನಡೆಯಿತು. ಐದು ವರ್ಷ ಓಣಿಯಲ್ಲಿ ಒಂದು ಮಗುವೂ ಹೊಸದಾಗಿ ಕಾಲೆಳೆಯಲಿಲ್ಲ.

ಮರುದಿನ ಮಧ್ಯಾಹ್ನ ಇಂದುಮತಿ ಹಿರೇಗುಡ್ಡದಲ್ಲಿ ಬಸ್ಸಿಳಿದಾಗ ಅಕ್ಕನೇ ಎದುರು ಬಂದಳು. ಗೌರವ್ವ ಮಾತು ಶುರು ಮಾಡಿದ್ದೇ ಮೊಸರಿನಿಂದ. ಈಗ ಗಡಿಗೆಯಲ್ಲಿ ಚಮಚ ನೆಟ್ಟಗೆ ನಿಲ್ಲುತ್ತದೆ ಎಂದು, ಪಕ್ಕದ ಓಣಿಯವರಿಗೆ ಹೊಟ್ಟೆಕಿಚ್ಚು ಎಂದು ಹೇಳಿಕೊಂಡು ನಡೆದಳು. ಮನೆಯಲ್ಲಿ ಭಾಗಿ ಮಗ್ಗದ ಕುಣಿಯ ಅಂಚಿನಲ್ಲಿ ಕೂತು ಅಪ್ಪನಿಗೆ ಕಂಡಿಕೆಗೆ ನೂಲು ಸುತ್ತಿ ಕೊಡುತ್ತಿದ್ದಳು. ಹನ್ನೆರಡರ ಹುಡುಗಿ, ಬಾಯಿ ಜೋರು. ಚಿಗವ್ವನನ್ನು ಕಂಡು ಎದ್ದು ಬಂದಳು. ಎಡಗಾಲಿನ ಹೆಬ್ಬೆರಳು ನೆಲಕ್ಕೆ ತುಸು ಉಜ್ಜುತ್ತಿತ್ತು. ಮನೆಯವರಿಗೆ ಅದು ಕಂಡಿರಲಿಲ್ಲ, ದಿನಾ ನೋಡುವವರಿಗೆ ಕಾಣುವುದೂ ಇಲ್ಲ.

ಯಾರ ಮನೆಯ ಹೆಪ್ಪು ತಂದಿರಿ, ಯಾವಾಗ ತಂದಿರಿ ಎಂದು ಇಂದುಮತಿ ಒಂದೊಂದಾಗಿ ಕೇಳಿದಳು. ಗೌರವ್ವನಿಗೆ ಪ್ರಶ್ನೆಯೇ ವಿಚಿತ್ರವೆನಿಸಿತು. ಈಗ ಯಾರೂ ಯಾರ ಮನೆಗೂ ಹೆಪ್ಪಿಗೆ ಹೋಗುವುದಿಲ್ಲವಲ್ಲ ಎಂದಳು. ಅಮಾವಾಸ್ಯೆಯ ದಿನ ಹೇಗೂ ಮಗ್ಗಗಳಿಗೆ ಬಿಡುವು. ಅವತ್ತು ಇನ್ನೂರು ಮನೆಯವರೂ ಒಂದೊಂದು ಬಟ್ಟಲು ಮೊಸರು ತಂದು ಮಠದ ದೊಡ್ಡ ಹಂಡೆಗೆ ಸುರಿಯುತ್ತಾರೆ, ಕೈಯಾಡಿಸಿ ಕೂಡಿಸುತ್ತಾರೆ, ಒಂದೊಂದು ಬಟ್ಟಲು ತಿರುಗಿ ಒಯ್ಯುತ್ತಾರೆ. ಅದಕ್ಕೆ ಕೂಡು ಹೆಪ್ಪು ಅಂತ ಹೆಸರು. ಹದಿನಾಲ್ಕು ಅಮಾವಾಸ್ಯೆ ಆಯಿತು.

"ಕಲ್ಲವ್ವನ ಮನ್ಯಾಗ ಮೂರು ಸಲ ಹೆಪ್ಪು ಕೆಟ್ಟಿತ್ತು," ಅಂದಳು ಗೌರವ್ವ. "ಬ್ಯಾನಿ ಮಗಳ್ನ ಇಟ್ಕೊಂಡು ಮಂದಿ ಬಾಗಲದಾಗ ಬಟ್ಲಾ ಹಿಡಕೊಂಡು ನಿಂದರಾಕ ಅಕಿಗೆ ನಾಚಿಕಿ. ಅದಕ್ಕ ಎಲ್ಲಾರೂ ಕೂಡಸೋಣು ಅಂದೆ. ಯಾರಿಗೂ ಹೆಚ್ಚಿಲ್ಲ, ಯಾರಿಗೂ ಕಡಿಮಿ ಇಲ್ಲ. ನಿನಗೂ ಫೋನ್ ಮಾಡಿ ಕೇಳೀನಲ್ಲ ತಂಗಿ. ಚಲೋನ ಆತಲ್ಲ, ಮಾಡ್ರಿ ಅಂದಿ."

ಇಂದುಮತಿಗೆ ನೆನಪಾಯಿತು. ಯಾವುದೋ ದೇಶದ ವಿಮಾನ ನಿಲ್ದಾಣದಲ್ಲಿ ಸಾಲಿನಲ್ಲಿ ನಿಂತಿದ್ದಳು. ಜೀವಿಗಳ ನಡುವಿನ ಸಹಕಾರ ಎಂಬ ವಿಷಯದ ಮೇಲೆ ಭಾಷಣ ಮಾಡಲು ಹೊರಟಿದ್ದಳು. ಅಕ್ಕನ ಮಾತನ್ನು ಅರ್ಧ ಕೇಳಿ ಹೂಂ ಅಂದು ಫೋನ್ ಇಟ್ಟಿದ್ದಳು.

ಕೂಡಿಸಿದ್ದೇ ತಪ್ಪಾಗಿತ್ತು. ಗಡಿಗೆಗಳು ಬೇರೆ ಬೇರೆ ಇದ್ದಾಗ ಮೈಗಳ್ಳರು ಸೇರಿದ ಗಡಿಗೆ ಒಂದೇ ಕೆಡುತ್ತಿತ್ತು, ಸಿಕ್ಕಿಬೀಳುತ್ತಿತ್ತು. ಹಂಡೆಯಲ್ಲಿ ಎಲ್ಲ ಒಂದಾದ ಮೇಲೆ ಅವು ಎಲ್ಲರ ಮನೆಗೂ ಹೋದವು, ಮಂದಿಯ ದುಡಿಮೆಯಲ್ಲಿ ಬಚ್ಚಿಟ್ಟುಕೊಂಡು ಬೆಳೆದವು. ಕೆಟ್ಟ ಗಡಿಗೆ ಅಂತ ಒಂದೂ ಇಲ್ಲ, ಹಾಗಾಗಿ ಚೆಲ್ಲಿದವರೂ ಇಲ್ಲ. ಆಮೇಲೆ ಯಾವುದೋ ಒಂದು ಮೈಗಳ್ಳ ಇನ್ನೂ ಒಂದು ಹೆಜ್ಜೆ ಮುಂದೆ ಹೋಯಿತು. ಇಂದುಮತಿ ಕಟ್ಟಿದ್ದ ಗಂಟನ್ನೇ ಬಿಚ್ಚಿ, ಗಟ್ಟಿಯಾಗಿಸುವ ಗುಣವನ್ನು ಇಟ್ಟುಕೊಂಡು ಕಿಣ್ವವನ್ನು ಬಿಸಾಡಿತು. ಮೊಸರು ಕಲ್ಲಿನ ಹಾಗೆ ನಿಂತಿತು, ಒಳಗೆ ಔಷಧಿ ಮಾತ್ರ ಎಳ್ಳಷ್ಟೂ ಇಲ್ಲ. ಅಷ್ಟೇ ಆಗಿದ್ದರೂ ಆಗುತ್ತಿತ್ತು. ಗಟ್ಟಿ ಮೊಸರು ಕಂಡ ತಾಯಂದಿರು ಮಕ್ಕಳಿಗೆ ಎರಡರ ಬದಲು ಮೂರು ಬಟ್ಟಲು ಕುಡಿಸುತ್ತಿದ್ದರು, ಆ ಮೊಸರೇ ಈಗ ವಿಷ, ವರ್ಷಗಟ್ಟಲೆ ಹಿಡಿಯುವ ಬ್ಯಾನಿಯನ್ನು ತಿಂಗಳುಗಳಲ್ಲಿ ತರುವಂಥದ್ದು.

ಮಠದ ಅಂಗಳದಲ್ಲಿ ಹೆಂಗಸರನ್ನು ಕೂಡಿಸಿ ಅವಳು ಇದನ್ನೆಲ್ಲ ಹೇಳಿದಳು. ತಾನು ಫೋನಿನಲ್ಲಿ ಹೂಂ ಅಂದದ್ದನ್ನೂ ಮುಚ್ಚಿಡದೆ ಹೇಳಿದಳು. ಬೈಗುಳಕ್ಕೆ ಸಿದ್ಧವಾಗಿ ಹೋಗಿದ್ದಳು, ಆದರೆ ಯಾರೂ ಬೈಯಲಿಲ್ಲ. ಈಗ ಏನು ಮಾಡಬೇಕು ಅಷ್ಟು ಹೇಳ್ರಿ ಎಂದರು. ಇದ್ದಬದ್ದ ಮೊಸರು ಮಜ್ಜಿಗೆ ಚೆಲ್ಲಿ, ಮಣ್ಣಿನ ಗಡಿಗೆ ಒಡೆದು, ಲೋಹದ ಪಾತ್ರೆ ಕುದಿಸಿ, ನಲವತ್ತು ದಿನ ಯಾರೂ ಹಾಲಿಗೆ ಹೆಪ್ಪು ಹಾಕಬಾರದು ಎಂದಳು. ಆಗಲಿ ಎಂದು ಎದ್ದರು.

ಅವರು ಮಾಡಿದ ರೀತಿ ನೋಡಿದರೆ ಕಣ್ಣಲ್ಲಿ ನೀರು ಬರಬೇಕು. ಒಂದೇ ದಿನದಲ್ಲಿ ಇನ್ನೂರು ಗಡಿಗೆ ಒಡೆದವು. ನೆಲುವು ಸುಟ್ಟರು, ಕಡಗೋಲು ಸುಟ್ಟರು, ಮಠದ ಹಂಡೆಯನ್ನು ಮೂರು ಸಲ ಕುದಿಸಿದರು. ರೊಟ್ಟಿಗೆ ಬರೀ ಖಾರದ ಹಿಂಡಿ ನೆಂಚಿಕೊಂಡು ನಲವತ್ತು ದಿನ ಕಳೆದರು. ಒಂದೇ ಒಂದು ಮನೆಯೂ ಕದ್ದುಮುಚ್ಚಿ ಮೊಸರು ಮಾಡಲಿಲ್ಲ. ನಲವತ್ತೊಂದನೇ ದಿನ ಇಂದುಮತಿ ಶೀತಪೆಟ್ಟಿಗೆಯ ಮೂಲ ಹೆಪ್ಪಿನಿಂದ ಬೆಳೆಸಿದ್ದನ್ನು ಮನೆಮನೆಗೆ ತಾನೇ ಹಂಚಿದಳು. ಭಾಗಿ ಅವಳ ಜೊತೆ ಓಣಿ ಸುತ್ತಿದಳು, ಆದರೆ ಅರ್ಧ ಓಣಿಗೆ ದಣಿದು ಕಟ್ಟೆಯ ಮೇಲೆ ಕೂತುಬಿಟ್ಟಳು.

ಆರು ದಿನ ಕಳೆಯಿತು. ಏಳನೇ ದಿನ ಧಾರವಾಡಕ್ಕೆ ಬಂದ ಡಬ್ಬಿಗಳನ್ನು ಮುಮ್ತಾಜ್ ತಲೆಕೆಳಗೆ ಮಾಡಿದಳು. ಯಾವುದೂ ಜಾರಲಿಲ್ಲ, ಒಳ್ಳೆಯ ಹೆಪ್ಪಿನ ಮೊಸರು ಅಷ್ಟು ಗಟ್ಟಿಯಾಗದು. ಪರೀಕ್ಷೆ ಮಾಡುವ ಮೊದಲೇ ಇಬ್ಬರಿಗೂ ತಿಳಿಯಿತು. ಮೈಗಳ್ಳರು ಗಡಿಗೆಯಲ್ಲಿ ಉಳಿದಿರಲಿಲ್ಲ, ಜನರ ಕರುಳಿನಲ್ಲಿ ಉಳಿದಿದ್ದರು. ಹೆಂಗಸರ ಕೈಯಲ್ಲಿ, ದನದ ಕೆಚ್ಚಲಲ್ಲಿ, ಹಾಲು ಸೋಸುವ ಬಟ್ಟೆಯಲ್ಲಿದ್ದರು. ಓಣಿಯನ್ನೇ ಕುದಿಸಲು ಬರುವುದಿಲ್ಲ. ಇಂದುಮತಿ ಆ ದಿನ ಡಬ್ಬಿಗಳನ್ನು ತಾನೇ ತೊಳೆದಿಟ್ಟಳು, ಮುಮ್ತಾಜ್ ಬೇಡವೆಂದರೂ ಕೇಳಲಿಲ್ಲ.

ಕರುಳಿನಲ್ಲೇ ಮೈಗಳ್ಳರಿರುವಾಗ ಎರಡು ಬಟ್ಟಲು ಮೊಸರಿನ ಔಷಧಿ ಸಾಲದು. ಆಮೇಲೆ ಉಳಿದದ್ದು ಒಂದೇ ದಾರಿ, ಅದೂ ಕಾಲುದಾರಿ. ಪ್ರತಿಸಲವೂ ಒಂದೇ ಒಂದು ಜೀವಕೋಶದಿಂದ ಶುರು ಮಾಡಿ, ಮುಚ್ಚಿದ ಪಾತ್ರೆಯಲ್ಲಿ ಬೆಳೆಸಿ, ಮೈಗಳ್ಳ ಹುಟ್ಟಿದೆಯೇ ಎಂದು ನೋಡಿ, ಹುಟ್ಟಿದ್ದರೆ ಚೆಲ್ಲಿ, ಉಳಿದದ್ದನ್ನು ನೇರ ಮಗುವಿಗೆ ಕುಡಿಸುವುದು. ಅದು ಕರುಳಿನಲ್ಲಿ ಊರಿಕೊಳ್ಳುವುದಿಲ್ಲ, ದಿನಾ ಹೊಸದಾಗಿ ಬೇಕು. ಪ್ರಯೋಗಾಲಯದಲ್ಲಿ ಅಂಥ ಪಾತ್ರೆ ಎಂಟಿದ್ದವು. ಎಂಟರಲ್ಲಿ ಏಳನ್ನು ಚೆಲ್ಲಬೇಕಾಗುತ್ತಿತ್ತು. ಅಂದರೆ ದಿನಕ್ಕೆ ಒಂದು ಮಗುವಿಗೆ ಸಾಲುವಷ್ಟು. ದೊಡ್ಡ ಘಟಕ ಬೇಕೆಂದು ಇಂದುಮತಿ ಇಲಾಖೆಗೆ ಬರೆದಳು, ತಾನೇ ಹೋಗಿ ಕೂತಳು. ಎಲ್ಲರೂ ಒಳ್ಳೆಯ ಮಾತೇ ಆಡಿದರು. ಮೂರು ವರ್ಷ ಹಿಡಿಯುತ್ತದೆ ಎಂದರು. ಓಣಿಯಲ್ಲಿ ಕೆಟ್ಟ ಜೀನಿನ ಎರಡೂ ಪ್ರತಿ ಹೊತ್ತ ನಲವತ್ತೊಂದು ಮಕ್ಕಳಲ್ಲಿ ಹೆಚ್ಚಿನವರಿಗೆ ಇನ್ನು ಒಂದು ವರ್ಷದಲ್ಲಿ ಕಾಲು ಹೋಗುವುದಿತ್ತು, ಆಮೇಲೆ ಔಷಧಿ ಬಂದರೂ ಸತ್ತ ನರ ಮರಳುವುದಿಲ್ಲ. ಲೆಕ್ಕವನ್ನು ಅವಳು ಹತ್ತು ಥರ ಹಾಕಿ ನೋಡಿದಳು. ಹೇಗೆ ಹಾಕಿದರೂ ಉಳಿಯುವುದು ಒಂದು.

ಯಾವ ಒಂದು ಎಂದು ಅವಳು ಯಾರನ್ನೂ ಕೇಳಲಿಲ್ಲ. ಚೀಟಿ ಎತ್ತೋಣ ಎಂದು ಮುಮ್ತಾಜ್ ಒಮ್ಮೆ ಮೆಲ್ಲಗೆ ಅಂದಿದ್ದಳು, ಇಂದುಮತಿ ಕೇಳಿಸದವಳಂತೆ ಇದ್ದಳು. ದಿನಾ ಬೆಳಿಗ್ಗೆ ಆರರ ಹಿರೇಗುಡ್ಡದ ಬಸ್ಸಿನ ಕಂಡಕ್ಟರ್ ಕೈಗೆ ಒಂದು ಥರ್ಮಾಸ್ ಹೋಗತೊಡಗಿತು. ಗೌರವ್ವ ಅದನ್ನು ಇಳಿಸಿಕೊಂಡು ಸೆರಗಿನಲ್ಲಿ ಮುಚ್ಚಿಕೊಂಡು ಹೋಗಬೇಕು, ಬಾಗಿಲು ಹಾಕಿ ಭಾಗಿಗೆ ಪೂರ್ತಿ ಕುಡಿಸಬೇಕು, ಯಾರ ಹತ್ತಿರವೂ ಬಾಯಿ ಬಿಡಬಾರದು. ಅಕ್ಕ ಫೋನಿನಲ್ಲಿ ಎಲ್ಲಕ್ಕೂ ಹೂಂ ಅಂದಳು.

ಮೂರು ವಾರ ಕಳೆದರೂ ಭಾಗಿಯ ರಕ್ತದಲ್ಲಿ ವಿಷ ಇಳಿಯಲಿಲ್ಲ. ಐವತ್ತೊಂದು, ಐವತ್ತಮೂರು, ಐವತ್ತೈದು. ಅರವತ್ತು ದಾಟಿದರೆ ನರಕ್ಕೆ ಉಳಿಗಾಲವಿಲ್ಲ. ಔಷಧಿಯೇ ಕೆಲಸ ಮಾಡುತ್ತಿಲ್ಲವೇನೋ ಎಂದು ಇಂದುಮತಿ ಹೆದರಿದಳು. ಒಂದು ಬೆಳಿಗ್ಗೆ ಥರ್ಮಾಸನ್ನು ಕಂಡಕ್ಟರಿಗೆ ಕೊಡದೆ ತಾನೇ ಹಿಡಿದು ಆರಕ್ಕೂ ಮೊದಲಿನ ಬಸ್ಸು ಹತ್ತಿದಳು.

ಅಕ್ಕನ ಮನೆಯ ಬಾಗಿಲು ತೆರೆದೇ ಇತ್ತು. ಪಡಸಾಲೆಯಲ್ಲಿ ಮಕ್ಕಳು ಸಾಲಾಗಿ ಕೂತಿದ್ದರು. ಕೆಲವರನ್ನು ತಾಯಂದಿರು ಎತ್ತಿಕೊಂಡು ತಂದಿದ್ದರು. ಇಂದುಮತಿ ಎಣಿಸಿದಳು, ನಲವತ್ತೊಂದು. ಭಾಗಿ ಎಲ್ಲರಿಗಿಂತ ಹಿಂದೆ ಕೂತಿದ್ದಳು. ಬಸ್ಸಿನಿಂದ ಬರುವ ಥರ್ಮಾಸಿಗೆ ಎಲ್ಲರೂ ಕಾಯುತ್ತಿದ್ದರು. ಗೌರವ್ವನ ಕೈಯಲ್ಲಿ ತೀರ್ಥ ಕೊಡುವ ಚಿಕ್ಕ ಚಮಚ ಇತ್ತು.

ತಂಗಿಯನ್ನು ಒಳಮನೆಗೆ ಕರೆದುಕೊಂಡು ಹೋಗಿ ಗೌರವ್ವ ತಾನಾಗಿಯೇ ಹೇಳಿದಳು. ಎರಡನೇ ದಿನವೇ ಕಲ್ಲವ್ವ ಕಂಡುಹಿಡಿದಿದ್ದಳು. ಕೇಳಲಿಲ್ಲ, ಮಗಳನ್ನು ಸೊಂಟದ ಮೇಲೆ ಇಟ್ಟುಕೊಂಡು ಬಾಗಿಲಲ್ಲಿ ಸುಮ್ಮನೆ ನಿಂತಿದ್ದಳು. ಮೂರನೇ ದಿನ ಇನ್ನೂ ನಾಲ್ವರು.

"ಒಂದೊಂದು ಚಮಚ ಕೊಟ್ರ ಯಾರಿಗೂ ಏನೂ ಆಗಾಂಗಿಲ್ಲ ಅಕ್ಕ," ಇಂದುಮತಿ ಅಂದಳು. "ಎಲ್ಲಾ ಕುಡದ್ರ ಭಾಗಿ ಒಬ್ಬಾಕಿ ಉಳೀತಾಳ. ಹಂಚಿದ್ರ ಯಾರೂ ಉಳ್ಯಾಂಗಿಲ್ಲ. ಇಷ್ಟು ನಿನಗ ತಿಳೀಲಿಲ್ಲೇನು?"

"ತಿಳೀತದ," ಅಂದಳು ಗೌರವ್ವ. "ದಿನಾ ತಿಳೀತದ. ಬಾಗಲಾ ಹಾಕ್ಕೊಂಡು ಕುಡಸಾಕ ನನ್ನ ಕಡೆ ಆಗವಲ್ದು ತಂಗಿ. ನಿನ್ನ ಕಡೆ ಆಗತದಂದ್ರ ಅಕಿನ್ನ ಕರ್ಕೊಂಡು ಹೋಗು. ನಾ ಬ್ಯಾಡ ಅನ್ನೂದಿಲ್ಲ."

ಇಂದುಮತಿ ಇಪ್ಪತ್ತು ವರ್ಷ ಮೈಗಳ್ಳರ ಬಗ್ಗೆ ಬರೆದವಳು. ಎಲ್ಲರ ಪಾಲನ್ನು ಒಬ್ಬರೇ ಉಣ್ಣುವುದಕ್ಕೆ ಏನು ಹೆಸರು ಎಂದು ಅವಳಿಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ. ಆದರೂ ಮಧ್ಯಾಹ್ನದ ಬಸ್ಸಿಗೆ ಭಾಗಿಯನ್ನು ಹೊರಡಿಸಿದಳು. ಥರ್ಮಾಸನ್ನು ತೆರೆಯಲೇ ಇಲ್ಲ. ಪಡಸಾಲೆಯ ಮಕ್ಕಳನ್ನು ಇವತ್ತು ಇಲ್ಲ ಎಂದು ಎಬ್ಬಿಸಿ ಕಳಿಸಿದಳು. ಭಾಗಿಗೆ ಧಾರವಾಡಕ್ಕೆ ಹೋಗುವುದು ಖುಷಿಯೇ ಆಗಿತ್ತು. ಎರಡು ಲಂಗ ಮಡಚಿ ಚೀಲಕ್ಕೆ ತುರುಕಿದಳು, ಅಪ್ಪನ ಕಾಲು ಮುಟ್ಟಿದಳು, ಗೋಡೆ ಹಿಡಿದುಕೊಂಡು ಅಂಗಳಕ್ಕೆ ಇಳಿದಳು. ಗೌರವ್ವ ಬಾಗಿಲ ತನಕವೂ ಬರಲಿಲ್ಲ, ಮಗ್ಗದ ಕುಣಿಯಲ್ಲಿ ಇಳಿದು ಕೂತಳು.

ಮಗ್ಗಗಳು ಜೋರಾಗಿ ನಡೆದಿರುವ ಹೊತ್ತು, ಯಾರೂ ನೋಡುವುದಿಲ್ಲ ಎಂದು ಇಂದುಮತಿ ಅಂದುಕೊಂಡಿದ್ದಳು. ಅವರು ನಡೆದಂತೆ ಒಂದೊಂದು ಮನೆಯಲ್ಲಿ ಮಗ್ಗ ನಿಂತಿತು. ಜನ ಬಾಗಿಲಿಗೆ ಬಂದು ನಿಂತರು. ಓಣಿಯ ಕೊನೆಯಲ್ಲಿ ಕಲ್ಲವ್ವ ಎದುರಾದಳು. ಅವಳ ಸೊಂಟದ ಮೇಲೆ ಹತ್ತು ವರ್ಷದ ಶಾರವ್ವ, ಕಾಲೆರಡೂ ಸಪ್ಪಗೆ ಜೋತುಬಿದ್ದಿದ್ದವು. ಕಲ್ಲವ್ವ ಒಂದು ಗಂಟು ಶೇಂಗಾ ಹೋಳಿಗೆಯನ್ನು ಭಾಗಿಯ ಚೀಲಕ್ಕೆ ಹಾಕಲು ಹೋಗಿ, ಶೇಂಗಾ ಇವಳಿಗೆ ಆಗದು ಎಂದು ನೆನಪಾಗಿ ಇಂದುಮತಿಯ ಕೈಗೆ ಕೊಟ್ಟಳು.

"ನೀವು ತಿನ್ರಿ," ಅಂದಳು. "ಹೊತ್ತಿಗೆ ಸರಿಯಾಗಿ ಕುಡಸ್ರಿ ಇಂದಕ್ಕ. ನಲವತ್ತೊಂದರಾಗ ಒಂದರ ಉಳೀಲಿ."

ಒಂದು ಬೈಗುಳ ಬೈದಿದ್ದರೆ ಇಂದುಮತಿ ಬದುಕಿಕೊಳ್ಳುತ್ತಿದ್ದಳು. ಗಂಟನ್ನು ಹಿಡಿದುಕೊಂಡು ಬಸ್ಸು ಹತ್ತಿದಳು. ಊರು ದಾಟಿದ ಮೇಲೆ ಥರ್ಮಾಸಿನ ಮುಚ್ಚಳ ತೆಗೆದು ಲೋಟಕ್ಕೆ ಬಗ್ಗಿಸಿದಳು. ಭಾಗಿ ಒಂದು ಚಮಚದಷ್ಟು ಕುಡಿದು, ಉಳಿದದ್ದು ಬೇರೆಯವರಿಗೆ ಎಂಬಂತೆ ಲೋಟವನ್ನು ಪಕ್ಕಕ್ಕೆ ದಾಟಿಸಲು ಕೈ ಚಾಚಿದಳು. ಪಕ್ಕದಲ್ಲಿ ಚಿಗವ್ವನ ಹೊರತು ಯಾರೂ ಇರಲಿಲ್ಲ.

"ಎಲ್ಲಾ ನಿನಗ," ಅಂದಳು ಇಂದುಮತಿ. "ಕುಡಿ."

"ಶಾರವ್ವಗ?"

"ಮುಂದಿನ ತಿಂಗಳಾ ಅಕಿಗೂ ಮಾಡ್ತೀವಿ."

ಹನ್ನೆರಡರ ಹುಡುಗಿಗೆ ಅದು ಸುಳ್ಳು ಎಂದು ತಿಳಿಯಲು ಕಷ್ಟವೇನೂ ಆಗಲಿಲ್ಲ. ಅವಳಿಗೂ ಬದುಕುವ ಆಸೆ ಇತ್ತು. ಲೋಟದಲ್ಲಿದ್ದದ್ದನ್ನು ಪೂರ್ತಿ ಕುಡಿದಳು, ಬಾಯಿ ಒರೆಸಿಕೊಂಡು ಕಿಟಕಿಯ ಕಡೆ ತಿರುಗಿದಳು, ಧಾರವಾಡ ಬರುವವರೆಗೂ ಚಿಗವ್ವನ ಮುಖ ನೋಡಲಿಲ್ಲ.